ಚಿತ್ರತುರಗವೂ ಯಂತ್ರಶಿಕ್ಷಣವೂ

ಯಂತ್ರಗಳ ದುರಸ್ತಿಯನ್ನು ಕಲಿಯುವ ಕೆಲಸಗಾರನಿಗೆ, ಗಣಕದಲ್ಲಿ ರಚಿಸಿದ ಯಂತ್ರದ ಪ್ರತಿರೂಪವೊಂದನ್ನು ಮೊದಲು ಒದಗಿಸುವ ಶಿಕ್ಷಣಕ್ರಮ ಈಗ ಕೈಗಾರಿಕೆಗಳಲ್ಲಿ ಬಳಕೆಗೆ ಬಂದಿದೆ. ಕಣ್ಣಿಗೆ ಪುಟ್ಟ ತೆರೆಯನ್ನು ಧರಿಸಿದ ಶಿಷ್ಯನು ಎದುರಿಗಿಲ್ಲದ ಬೋಲ್ಟನ್ನು ಬಿಚ್ಚಿ ಮತ್ತೆ ಬಿಗಿಯುತ್ತಾನೆ. ಈ ಕ್ರಮದ ಗುಣದೋಷಗಳನ್ನು ನಮ್ಮ ಅಲಂಕಾರಶಾಸ್ತ್ರದ ಅನುಕರಣವಿಚಾರದ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಗೆ ಇದು ದೂರದ ಮಾತೇನೂ ಅಲ್ಲ. ಸಿದ್ದಾಪುರದ ಗಡಿಗೆ ಹೊಂದಿದ ಜೋಗದಲ್ಲಿ 1948ರಲ್ಲಿಯೇ ಜಲವಿದ್ಯುದಾಗಾರ ಆರಂಭವಾಯಿತು. ಯಲ್ಲಾಪುರ ತಾಲೂಕಿನ ಕೊಡಸಳ್ಳಿಯಲ್ಲಿ ಕಾಳೀನದಿಯ ನೀರಿನಿಂದ ತಿರುಗುವ, ತಲಾ 40 ಮೆಗಾವಾಟ್ ಸಾಮರ್ಥ್ಯದ ಮೂರು ಯಂತ್ರಗಳಿವೆ. ಶಿಷ್ಯನೊಬ್ಬನ ಅಭ್ಯಾಸಕ್ಕಾಗಿ ಇಂಥ ಯಂತ್ರವನ್ನು ನಿಲ್ಲಿಸಲಾಗದು; ತಿರುಗುತ್ತಿರುವಾಗ ಮುಟ್ಟಲೂ ಆಗದು. ನೀರಿನ ಬಾಗಿಲನ್ನು ಮುಚ್ಚದೆ, ವಿದ್ಯುತ್ತನ್ನು ಕಡಿಯದೆ ಒಳಗಿಳಿದವನಿಗೆ ಎರಡನೆಯ ಪಾಠವಿಲ್ಲ. ಪ್ರಾಣಹಾನಿಯಿಲ್ಲದೆ ತಪ್ಪುವ ಅವಕಾಶವೇ ಕಲ್ಪಿತಯಂತ್ರದ ಮುಖ್ಯ ಗುಣ.

ನಟನಲ್ಲಿ ರಾಮನನ್ನು ಕಾಣುವ ಪ್ರೇಕ್ಷಕನ ಅರಿವು ಸತ್ಯ, ಮಿಥ್ಯೆ, ಸಂಶಯ, ಸಾದೃಶ್ಯ ಈ ನಾಲ್ಕಕ್ಕೂ ಸೇರದೆಂದು ಶ್ರೀಶಂಕುಕನು ವಾದಿಸಿದನು. ಅದಕ್ಕೆ ಅವನು ಕೊಟ್ಟ ದೃಷ್ಟಾಂತ ಚಿತ್ರದ ಕುದುರೆ. ಅಭಿನವಗುಪ್ತನ ಗುರುವಾದ ಭಟ್ಟತೌತನು ಇದನ್ನು ಖಂಡಿಸಿದನು. ವೇಷಭೂಷಣಗಳು ಕಣ್ಣಿಗೆ ಕಾಣುತ್ತವೆ. ಚಿತ್ತವೃತ್ತಿಯಾದ ಸ್ಥಾಯಿಭಾವ ಕಾಣುವುದಿಲ್ಲ. ಕಾಣದುದನ್ನು ಅನುಕರಿಸುವುದೆಂತು ಎಂಬುದು ಅವನ ಆಕ್ಷೇಪದ ತಿರುಳು. ಈ ಆಕ್ಷೇಪ ನಮ್ಮ ವಿಷಯಕ್ಕೂ ಸಲ್ಲುತ್ತದೆ. ಬಿಚ್ಚುವ ಕ್ರಮ, ಉಪಕರಣಗಳ ಸ್ಥಾನ, ಎಚ್ಚರಿಕೆಯ ದೀಪ ಇವೆಲ್ಲ ಅನುಕರಣಕ್ಕೆ ಒಗ್ಗುತ್ತವೆ. ಸವೆದ ಬೇರಿಂಗಿನ ಬಿಸಿ ಅಂಗೈಗೆ ತಿಳಿಯುವ ಬಗೆ ಅಷ್ಟು ಸುಲಭವಾಗಿ ಒಗ್ಗುವುದಿಲ್ಲ. ಕೆಲಸಗಾರನ ಹೊಣೆಯಂತೂ ಒಗ್ಗುವುದೇ ಇಲ್ಲ.

2009ರ ಆಗಸ್ಟ್ 17ರಂದು ರಷ್ಯದ ಸಯಾನೊ-ಶುಶೆನ್‌ಸ್ಕಾಯ ಜಲವಿದ್ಯುದಾಗಾರದಲ್ಲಿ ಎರಡನೆಯ ಯಂತ್ರದ ಮುಚ್ಚಳವನ್ನು ಹಿಡಿದಿದ್ದ ಬೋಲ್ಟುಗಳು ದಣಿದು ಮುರಿದು, 75 ಜನ ಮಡಿದರು. ಮಿತಿಮೀರಿದ ಕಂಪನ ಮೊದಲೇ ಕಾಣಿಸಿಕೊಂಡಿತ್ತು. ಯಂತ್ರ ಮಾತ್ರ ನಿಲ್ಲಲಿಲ್ಲ. ಕಲ್ಪಿತಯಂತ್ರವನ್ನು ಶಿಷ್ಯನು ಯಾರ ಅಪ್ಪಣೆಯನ್ನೂ ಕಾಯದೆ ನಿಲ್ಲಿಸಬಲ್ಲನು. ನಿಜವಾದ ಯಂತ್ರದ ಮುಂದೆ ಅವನ ಮಾತಿಗೆ ಬೆಲೆಯುಂಟೇ ಎಂಬುದು ಆಡಳಿತಕ್ಕೆ ಸೇರಿದ ಪ್ರಶ್ನೆ. ಅದಕ್ಕೆ ಗಣಕದಲ್ಲಿ ಉತ್ತರವಿಲ್ಲ.

ಆದಕಾರಣ ಕಲ್ಪಿತಯಂತ್ರವನ್ನು ಶಿಕ್ಷಣದ ಮೊದಲ ಮೆಟ್ಟಿಲೆಂದು ಸ್ವಾಗತಿಸಬೇಕು. ಅದರಲ್ಲಿ ಗಳಿಸಿದ ಅಂಕವನ್ನೇ ನೈಪುಣ್ಯದ ಪ್ರಮಾಣವೆಂದು ಒಪ್ಪಲಾಗದು. ಅನುಭವಿಯ ಜೊತೆಯಲ್ಲಿ ನಿಜವಾದ ಯಂತ್ರದ ಬಳಿ ಕಳೆದ ಕಾಲವೂ, ಅಪಾಯ ಕಂಡೊಡನೆ ಯಂತ್ರವನ್ನು ನಿಲ್ಲಿಸುವ ಅಧಿಕಾರವೂ ಸೇರಿದಾಗಲೇ ಆ ಶಿಕ್ಷಣ ಪೂರ್ಣವಾಗುತ್ತದೆ. ಚಿತ್ರದ ಕುದುರೆಯನ್ನು ನೋಡಿ ಕುದುರೆಯನ್ನು ಗುರುತಿಸಲು ಕಲಿಯಬಹುದು. ಸವಾರಿಯನ್ನು ಕಲಿಯಲು ಲಾಯಕ್ಕೇ ಹೋಗಬೇಕು.