ಹಾಳಾದ ಓಟು ಯಾವುದು?

ಚುನಾವಣೆ ಬಂದಾಗಲೆಲ್ಲ ಸವಳಂಗದ ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಒಂದು ಮಾತು ಕೇಳಿಬರುತ್ತದೆ: "ಗೆಲ್ಲೋ ಕುದುರೆಗೆ ಹಾಕ್ರೋ, ಓಟು ಹಾಳು ಮಾಡ್ಕಬ್ಯಾಡ್ರಿ." ತೋಟದ ಯಜಮಾನರು ಹೇಳುತ್ತಾರೆ. ಅವರ ಅಡಿಕೆ ಸುಲಿಯುವ ನಮ್ಮ ಕೇರಿಯವರು, ತಾಂಡಾದವರು ತಲೆಯಾಡಿಸುತ್ತಾರೆ. ಮನೆತನದಲ್ಲೇ ಮೊದಲು ಡಿಗ್ರಿ ಕಂಡ ನಾವೂ ತಲೆಯಾಡಿಸಿದ್ದೇವೆ. ಕಥೆ ಕವನಗಳನ್ನು ಬಗೆದು ನೋಡುವ ನಾವು ಈ ಒಂದು ಮಾತನ್ನು ಯಾಕೆ ಬಗೆದು ನೋಡಲಿಲ್ಲ?

ಮೊದಲು ಲೆಕ್ಕ ನೋಡೋಣ. ಸವಳಂಗ ಸೇರಿರುವುದು ದಾವಣಗೆರೆ ಲೋಕಸಭಾ ಕ್ಷೇತ್ರಕ್ಕೆ. 2024ರಲ್ಲಿ ಇಲ್ಲಿ ಕಾಂಗ್ರೆಸ್ಸಿನಿಂದ ನಿಂತವರು ಪ್ರಭಾ ಮಲ್ಲಿಕಾರ್ಜುನ್, ಸಚಿವರ ಹೆಂಡತಿ. ಬಿಜೆಪಿಯಿಂದ ಗಾಯತ್ರಿ ಸಿದ್ದೇಶ್ವರ, ಆಗಿನ ಸಂಸದರ ಹೆಂಡತಿ. ಪಕ್ಷ ಎರಡು ಎಂದರು. ನಮಗೆ ಕಂಡದ್ದು ಮನೆ ಎರಡು. ಮೂರನೆಯವರು ಜಿ.ಬಿ. ವಿನಯ್ ಕುಮಾರ್, ಕಾಂಗ್ರೆಸ್ ಟಿಕೆಟ್ ಕೇಳಿ ಸಿಗದೆ ಪಕ್ಷೇತರರಾದವರು. "ಅಹಿಂದ ಓಟು ಒಡೀತದೆ, ಬಿಜೆಪಿ ಗೆಲ್ತದೆ" ಎಂದು ಹೆದರಿಸಿದರು. ಜೂನ್ 4ರಂದು ಎಣಿಸಿದಾಗ ಪ್ರಭಾ 26,094 ಓಟಿನಿಂದ ಗೆದ್ದಿದ್ದರು. ವಿನಯ್ ಕುಮಾರರಿಗೆ ಬಿದ್ದದ್ದು 42,907. ಠೇವಣಿ ಹೋಯಿತು, ಆದರೆ ಗೆಲುವಿನ ಅಂತರಕ್ಕಿಂತ ಅವರ ಓಟೇ ಹೆಚ್ಚು. ಹೆದರಿಸಿದಂತೆ ಮಾತ್ರ ಆಗಲಿಲ್ಲ.

ಹಾಗಂತ ಹೆದರಿಕೆಯೇ ಸುಳ್ಳು ಎನ್ನಲಾರೆವು. ಒಂದೇ ಓಟು ಹೆಚ್ಚು ಬಿದ್ದರೂ ಗೆಲ್ಲುವ ನಮ್ಮ ಪದ್ಧತಿಯಲ್ಲಿ, ಓಟು ಹಂಚಿಹೋಗಿ ಹೆಚ್ಚು ಜನಕ್ಕೆ ಬೇಡವಾದವನು ಗೆಲ್ಲುವುದುಂಟು. ಸಂವಿಧಾನ ತಿದ್ದಲು 400 ಸೀಟು ಬೇಕೆಂದು ಸಂಸದ ಅನಂತಕುಮಾರ ಹೆಗಡೆ ಅದೇ ವರ್ಷದ ಮಾರ್ಚಿನಲ್ಲಿ ಹೇಳಿದ್ದರು. ಅಂಥ ಹೊತ್ತಿನಲ್ಲಿ ಕೇರಿಯ ಮುದುಕಿಯೊಬ್ಬಳು ಕಡಿಮೆ ಕೇಡನ್ನು ಆರಿಸಿಕೊಂಡರೆ ಅದು ಹೇಡಿತನವಲ್ಲ. ಮನೆಗೆ ಹಾವು ಬಂದಾಗ ಕೈಗೆ ಸಿಕ್ಕ ಕೋಲು ಹಿಡಿಯುವ ಬುದ್ಧಿ ಅದು.

ಆದರೆ ಓಟು "ಒಡೆಯಿತು" ಅನ್ನುವ ಮಾತಿನಲ್ಲೇ ಯಜಮಾನಿಕೆ ಅಡಗಿದೆ. ಒಡೆಯಬೇಕಾದರೆ ಅದು ಮೊದಲೇ ಯಾರದೋ ಗಡಿಗೆ ಆಗಿರಬೇಕಲ್ಲ? ದೊಡ್ಡ ಪಕ್ಷಗಳು ನಮ್ಮ ಓಟನ್ನು ತಮ್ಮ ಜೀತದಾಳು ಎಂದುಕೊಂಡಿವೆ. ಬೇರೆ ಹೊಲಕ್ಕೆ ಹೋದರೆ ಓಡಿಹೋದ ಎನ್ನುತ್ತವೆ. ಆ ಮೂರನೆಯವರು ಇಲ್ಲದಿದ್ದರೆ ಆ 42,907 ಜನ ಯಾರಿಗೆ ಹಾಕುತ್ತಿದ್ದರು, ಇಲ್ಲಾ ಮನೆಯಲ್ಲೇ ಕೂರುತ್ತಿದ್ದರೋ, ಯಾವ ಲೆಕ್ಕಿಗನೂ ಹೇಳಲಾರ.

ಇನ್ನು ಸೋತವರಿಗೆ ಹಾಕಿದ್ದು ಹಾಳೇ? 1952ರ ಮೊದಲ ಮಹಾಚುನಾವಣೆಯಲ್ಲಿ ಉತ್ತರ ಮುಂಬಯಿಯಿಂದ ಬಾಬಾಸಾಹೇಬರು ಪರಿಶಿಷ್ಟ ಜಾತಿಗಳ ಫೆಡರೇಷನ್ನಿನಿಂದ ನಿಂತರು. ಕಾಂಗ್ರೆಸ್ಸಿನ ಕಾಜ್ರೋಳ್ಕರ್ ಎದುರು ಸೋತರು. ಅವತ್ತು ಬಾಬಾಸಾಹೇಬರಿಗೆ ಬಿದ್ದ ಒಂದು ಲಕ್ಷಕ್ಕೂ ಮೀರಿದ ಓಟು ಹಾಳಾದವು ಎನ್ನುವ ಬಾಯಿ ನಮಗಿದೆಯೇ? ಅದೇ ಫೆಡರೇಷನ್ನಿನ ದಾದಾಸಾಹೇಬ ಗಾಯಕ್ವಾಡರು 1957ರಲ್ಲಿ ನಾಸಿಕದಿಂದ ಲೋಕಸಭೆಗೆ ಗೆದ್ದರು. ಹಿಂದೆ ಸಂಘಟನೆ ಇದ್ದರೆ ಸೋತ ಓಟು ಬಿತ್ತನೆ ಬೀಜ. ಇಲ್ಲದಿದ್ದರೆ ಬರೀ ಹೊಟ್ಟು.

ಮೂರನೆಯವರು ಅಂದಕೂಡಲೇ ನಮ್ಮವರೂ ಅಲ್ಲ. 2018ರಲ್ಲಿ ಕೊಳ್ಳೇಗಾಲದಿಂದ ಬಿಎಸ್‌ಪಿಯ ಎನ್. ಮಹೇಶ್ ಗೆದ್ದಾಗ ನಾವು ಸಂಭ್ರಮಪಟ್ಟೆವು. 2019ರಲ್ಲಿ ವಿಶ್ವಾಸಮತಕ್ಕೆ ಗೈರಾದರೆಂದು ಪಕ್ಷ ಅವರನ್ನು ಹೊರಹಾಕಿತು; 2021ರಲ್ಲಿ ಅವರು ಬಿಜೆಪಿ ಸೇರಿದರು. ಇನ್ನೊಂದು ಕಡೆ ರೈತಸಂಘದ ಕೆ.ಎಸ್. ಪುಟ್ಟಣ್ಣಯ್ಯ 1994ರಲ್ಲಿ ಪಾಂಡವಪುರದಿಂದ, ಮತ್ತೆ 2013ರಲ್ಲಿ ಮೇಲುಕೋಟೆಯಿಂದ ವಿಧಾನಸಭೆಗೆ ಬಂದರು. ಎರಡು ಗೆಲುವಿನ ನಡುವೆ ಹತ್ತೊಂಬತ್ತು ವರ್ಷ. ಅಷ್ಟು ಕಾಲ ಅವರನ್ನು ಹಿಡಿದು ನಿಲ್ಲಿಸಿದ್ದು ಹಸಿರು ಟವಲಿನ ಚಳವಳಿ, ಟಿಕೆಟ್ ಅಲ್ಲ.

ಆದ್ದರಿಂದ ಗೆಳೆಯರೇ, ಕೇಳಬೇಕಾದ ಪ್ರಶ್ನೆ ಇವನು ಗೆಲ್ತಾನಾ ಅನ್ನುವುದಲ್ಲ. ಓಟಿಲ್ಲದ ವರ್ಷಗಳಲ್ಲಿ ಇವನು ಎಲ್ಲಿದ್ದ? ಕೂಲಿ ಕೇಳಿದ ದಿನ, ದೇವಸ್ಥಾನದ ಬಾಗಿಲಲ್ಲಿ ನಮ್ಮನ್ನು ತಡೆದ ದಿನ ಯಾರ ಪಕ್ಕ ನಿಂತಿದ್ದ? ಸೋತ ಮೇಲೂ ಕೇರಿಗೆ ಬರ್ತಾನಾ? ಇದಕ್ಕೆ ಉತ್ತರವಿರುವ ಮೂರನೆಯವನಿಗೆ, ಸೋಲು ಖಾತ್ರಿಯಿದ್ದರೂ ಹಾಕೋಣ. ಟಿಕೆಟ್ ಸಿಗದ ಸಿಟ್ಟಷ್ಟೇ ಬಂಡವಾಳವಾದರೆ ಅವನು ಮೂರನೆಯವನಲ್ಲ, ಬಾಗಿಲ ಹೊರಗೆ ನಿಂತ ಮೊದಲನೆಯವನು. ಅಂಥ ಮೂರನೆಯವನು ಇಲ್ಲದ ಕಡೆ, ಕೇಡು ಹೊಸ್ತಿಲಿಗೆ ಬಂದಾಗ, ದೊಡ್ಡ ಪಕ್ಷಕ್ಕೇ ಹಾಕೋಣ. ಆದರೆ ಋಣಕ್ಕೆ ಬಿದ್ದು ಬೇಡ, ಷರತ್ತು ಹಾಕಿ ಹಾಕೋಣ. ಮಾರನೆ ದಿನದಿಂದಲೇ ಲೆಕ್ಕ ಕೇಳೋಣ.

ತಪ್ಪು ನಮ್ಮದೂ ಇದೆ. ಐದು ವರ್ಷ ಕವನ ಬರೆದು, ಓಟಿನ ಹಿಂದಿನ ದಿನ ಕೇರಿಗೆ ಹೋಗಿ "ಯಾರಿಗೆ ಹಾಕ್ತೀಯವ್ವಾ" ಎಂದು ಕೇಳುವವರು ನಾವು. ಹೋದ ಸಲ ಒಬ್ಬ ಅವ್ವ, ಜೋಳದ ತೆನೆ ಸುಲಿಯುತ್ತ, ತಲೆ ಎತ್ತದೆ ಕೇಳಿದಳು: "ಗೆದ್ದೋರಿಗೇ ಹಾಕ್ಕಂತ ಬಂದೀವಲ್ಲ ಮಗಾ, ಅವು ಏನಾದವು?"

ಉತ್ತರ ಹೇಳಲು ನಮ್ಮ ಹತ್ತಿರ ಮುಂದಿನ ಚುನಾವಣೆಯವರೆಗೆ ಸಮಯವಿದೆ. ಅದನ್ನು ಟೀ ಅಂಗಡಿಯಲ್ಲಿ ಕಳೆಯುವುದು ಬೇಡ.