ಮಳೆ ರಜೆಯ ಪಟ್ಟಿಯಲ್ಲಿ ಬಿಟ್ಟುಹೋದವರು

ಜೂನ್‌ನಿಂದ ಆಗಸ್ಟ್ ಮುಗಿಯುವವರೆಗೆ ಕರಾವಳಿಯಲ್ಲೂ ಮಲೆನಾಡಿನಲ್ಲೂ ಜನ ಕಾದು ಕೂತು ಓದುವ ಸರಕಾರಿ ಬರಹವೆಂದರೆ ಜಿಲ್ಲಾಧಿಕಾರಿಯ ರಜೆ ಆದೇಶ. ಅದು ಒಂದು ಪುಟ ಮೀರುವುದು ಕಡಿಮೆ. ಹವಾಮಾನ ಇಲಾಖೆಯ ಮುನ್ಸೂಚನೆಯ ಉಲ್ಲೇಖ, ವಿದ್ಯಾರ್ಥಿಗಳ ಸುರಕ್ಷತೆಯ ಕಾರಣ, ಆಮೇಲೆ ರಜೆ ಯಾರಿಗೆ ಎಂಬ ಪಟ್ಟಿ. ಅಂಗನವಾಡಿ, ಪ್ರಾಥಮಿಕ ಶಾಲೆ, ಪ್ರೌಢಶಾಲೆ, ಪದವಿಪೂರ್ವ ಕಾಲೇಜು ಎಂಬಲ್ಲಿಗೆ ಆ ಪಟ್ಟಿ ಅನೇಕ ಸಲ ನಿಂತುಬಿಡುತ್ತದೆ. ಪದವಿ, ಸ್ನಾತಕೋತ್ತರ, ಎಂಜಿನಿಯರಿಂಗ್, ಡಿಪ್ಲೊಮಾ, ಐಟಿಐ ತರಗತಿಗಳು ಎಂದಿನಂತೆ ನಡೆಯಬೇಕು. ನನ್ನ ತಕರಾರು ಇರುವುದು ಈ ಗೆರೆಯ ಮೇಲೆ.

ಈ ಪದ್ಧತಿಗೆ ಸಲ್ಲಬೇಕಾದ ಮೆಚ್ಚುಗೆ ಮೊದಲು ಸಲ್ಲಲಿ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಯೇ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರು. ಆದ್ದರಿಂದ ಕಡತ ಬೆಂಗಳೂರಿಗೆ ಹೋಗಿ ಬರುವ ತನಕ ಯಾರೂ ಕಾಯಬೇಕಾಗಿಲ್ಲ. ಸಹಿ ಬಿದ್ದ ಕೆಲವೇ ನಿಮಿಷಗಳಲ್ಲಿ ಆದೇಶ ಮನೆಮನೆಯ ಮೊಬೈಲ್‌ಗೆ ಬಂದಿರುತ್ತದೆ. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆ ಬಿಟ್ಟು ಮನೆಗೆ ಹೋಗುತ್ತಿದ್ದ ಪುಟ್ಟ ಹುಡುಗಿಯೊಬ್ಬಳು ಕಾಲುಸಂಕದಿಂದ ಜಾರಿ ಹಳ್ಳದ ಪಾಲಾದಳು. ಇಂಥ ಸಾವುಗಳನ್ನು ಕಂಡ ನಾಡಿನಲ್ಲಿ ‘ನಾಲ್ಕು ಹನಿ ಬಿದ್ದರೆ ರಜೆ’ ಎಂದು ಗೊಣಗುವುದು ನನಗೆ ಸರಿ ಕಾಣುವುದಿಲ್ಲ. ತಪ್ಪಿದ ಪಾಠವನ್ನು ಇನ್ನೊಂದು ದಿನ ಮಾಡಬಹುದು.

ಆದರೆ ಆ ಸಾವು ತೋರಿಸಿಕೊಟ್ಟದ್ದನ್ನು ಆದೇಶ ಬರೆಯುವವರು ಪೂರ್ತಿಯಾಗಿ ಮನಸ್ಸಿಗೆ ತಂದುಕೊಂಡಿಲ್ಲ. ಮಗು ಅಪಾಯಕ್ಕೆ ಸಿಕ್ಕಿದ್ದು ದಾರಿಯಲ್ಲಿ. ರಜೆಯ ಪಟ್ಟಿ ದಾರಿಯನ್ನು ಅಳೆಯುವುದಿಲ್ಲ, ವಯಸ್ಸನ್ನು ಅಳೆಯುತ್ತದೆ. ಹದಿನೆಂಟು ದಾಟಿದವರು ತಮ್ಮ ಜಾಗ್ರತೆ ತಾವು ಮಾಡಿಕೊಳ್ಳುತ್ತಾರೆ ಎಂಬುದು ಅದರ ಹಿಂದಿರುವ ಲೆಕ್ಕ. ನಮ್ಮ ಜಿಲ್ಲೆಗಳಲ್ಲಿ ಶಿಕ್ಷಣ ಹರಡಿರುವ ರೀತಿ ನೋಡಿದರೆ ಈ ಲೆಕ್ಕ ತಲೆಕೆಳಗಾಗಿದೆ. ಪ್ರಾಥಮಿಕ ಶಾಲೆ ಊರೊಳಗೇ ಇದೆ. ಪ್ರೌಢಶಾಲೆ ಪಕ್ಕದ ಗ್ರಾಮದಲ್ಲಿ. ಪಿಯುಗೆ ಹೋಬಳಿಯ ಪೇಟೆಗೋ ತಾಲ್ಲೂಕು ಕೇಂದ್ರಕ್ಕೋ ಹೋಗಬೇಕು. ಪದವಿಗೆ, ಅದರಲ್ಲೂ ಎಂಜಿನಿಯರಿಂಗ್ ಅಥವಾ ಎಂಎಗೆ, ಇನ್ನೂ ದೂರ. ಕಡಬ, ಸುಳ್ಯ, ಬೆಳ್ತಂಗಡಿಯ ಒಳಹಳ್ಳಿಗಳಿಂದ ಪುತ್ತೂರಿಗೋ ಮಂಗಳೂರಿಗೋ ಕೊಣಾಜೆಗೋ ಹೊರಡುವ ಹುಡುಗಿ ತೋಟದ ಸಂಕ ದಾಟಿ, ಮಣ್ಣುರಸ್ತೆ ನಡೆದು, ಮೊದಲ ಬಸ್ ಹಿಡಿದು, ಪೇಟೆಯಲ್ಲಿ ಇನ್ನೊಂದು ಬಸ್ಸಿಗೆ ಹತ್ತುತ್ತಾಳೆ. ಅವಳ ದಾರಿಯಲ್ಲಿ ಕುಮಾರಧಾರೆಯೂ ಇದೆ, ನೇತ್ರಾವತಿಯೂ ಇದೆ, ಗುಡ್ಡ ಕಡಿದು ಅಗಲ ಮಾಡಿದ ಹೆದ್ದಾರಿಯೂ ಇದೆ. ಅದೇ ಮನೆಯ ಐದನೇ ತರಗತಿಯ ತಮ್ಮನಿಗೆ ರಜೆ, ಅಕ್ಕನಿಗೆ ಇಲ್ಲ.

ಹೆದ್ದಾರಿ ಎಂದಾಗ ಶಿರೂರು ನೆನಪಾಗದೆ ಇರದು. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಿತ್ತು. ರಸ್ತೆಬದಿಯ ಚಹಾ ಅಂಗಡಿ, ನಿಂತಿದ್ದ ವಾಹನಗಳು ಗಂಗಾವಳಿ ನದಿಯ ಕಡೆಗೆ ಜಾರಿಹೋದವು. ಅಂಕೋಲಾ, ಕುಮಟಾ ಕಡೆಯವರು ದಿನವೂ ಓಡಾಡುವ ರಸ್ತೆ ಅದು. ಕುಸಿಯುವ ಗುಡ್ಡದ ಕೆಳಗೆ ಹತ್ತು ವರ್ಷದವನಿಗೂ ಇಪ್ಪತ್ತು ವರ್ಷದವನಿಗೂ ಇರುವ ಅಪಾಯ ಒಂದೇ.

ಗಡಿ ದಾಟಿದರೆ ಬೇರೆ ಪದ್ಧತಿ ಕಾಣುತ್ತದೆ. ಮಳೆ ಜೋರಾದ ದಿನ ಕಾಸರಗೋಡಿನ ಜಿಲ್ಲಾಧಿಕಾರಿ ಹೊರಡಿಸುವ ಪ್ರಕಟಣೆಯಲ್ಲಿ ‘ವೃತ್ತಿಪರ ಕಾಲೇಜುಗಳೂ ಸೇರಿದಂತೆ’ ಎಂಬರ್ಥದ ಮಾತು ಸಾಮಾನ್ಯ. ಮೊದಲೇ ನಿಗದಿಯಾದ ಪರೀಕ್ಷೆಗಳಿಗೆ ಬದಲಾವಣೆ ಇಲ್ಲವೆಂದಾದರೆ ಅದನ್ನೂ ಅಲ್ಲೇ ಹೇಳುತ್ತಾರೆ. ಪರೀಕ್ಷೆಗೆ ರಿಯಾಯಿತಿ ಇಲ್ಲದಿರುವುದು ನನಗೆ ಒಪ್ಪಿಗೆಯಿಲ್ಲದಿದ್ದರೂ ಸ್ಪಷ್ಟತೆಯನ್ನು ಮೆಚ್ಚಲೇಬೇಕು. ಮಂಜೇಶ್ವರ, ಉಪ್ಪಳ, ಕುಂಬಳೆಯ ಎಷ್ಟೋ ಕನ್ನಡದ ಹುಡುಗರು ತಲಪಾಡಿ ದಾಟಿ ಮಂಗಳೂರಿನ ಕಾಲೇಜುಗಳಿಗೆ ಬರುತ್ತಾರೆ. ಅವರ ಮನೆ ಇರುವ ಜಿಲ್ಲೆ ಹೊರಗೆ ಹೋಗಬೇಡಿ ಎನ್ನುತ್ತದೆ, ಕಾಲೇಜು ಇರುವ ಜಿಲ್ಲೆ ಬನ್ನಿ ಎನ್ನುತ್ತದೆ. ಯಾವ ಮಾತು ಕೇಳಿದರೂ ಹಾಜರಿ ಪುಸ್ತಕದ ಲೆಕ್ಕ ಮಾತ್ರ ಕಾಲೇಜಿನದು.

ಎರಡನೇ ದೋಷ ಹೊತ್ತಿನದು. ಹವಾಮಾನ ಇಲಾಖೆ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳನ್ನು ಮುಂಚಿತವಾಗಿಯೇ ಕೊಡುತ್ತದೆ. ಒಂದು ದಿನದಲ್ಲಿ 115.6 ಮಿ.ಮೀ. ದಾಟಿದರೆ ಅತಿ ಭಾರಿ ಮಳೆ, 204.4 ಮಿ.ಮೀ. ಮೀರಿದರೆ ಅದಕ್ಕೂ ಮೇಲಿನ ವರ್ಗ. ಹೀಗಿದ್ದೂ ಆದೇಶ ಕೆಲವು ದಿನ ರಾತ್ರಿ ಹತ್ತರ ಮೇಲೆ, ಕೆಲವು ದಿನ ಬೆಳಿಗ್ಗೆ ಬರುತ್ತದೆ. ದೂರದ ವಿದ್ಯಾರ್ಥಿ ಅಷ್ಟರಲ್ಲಿ ಬಸ್ಸಿನಲ್ಲಿರುತ್ತಾನೆ. ನಡುರಾತ್ರಿಯವರೆಗೂ ಮೇಷ್ಟ್ರ ಫೋನಿಗೆ ‘ಸರ್, ನಾಳೆ ರಜೆ ಉಂಟಾ?’ ಎಂಬ ಸಂದೇಶ ಬರುತ್ತಲೇ ಇರುತ್ತದೆ. ಈ ಅನಿಶ್ಚಿತ ಗಂಟೆಗಳಲ್ಲೇ ಹಳೆಯ ಆದೇಶದ ದಿನಾಂಕ ತಿದ್ದಿದ ನಕಲಿ ಪ್ರತಿಗಳು ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತವೆ. ಹಾಗೆ ಮಾಡಿದವರ ಮೇಲೆ ಕ್ರಮದ ಎಚ್ಚರಿಕೆ ಕೊಡುವುದು ಸರಿಯೇ. ಸಂಜೆ ಏಳಕ್ಕೆ ರಜೆ ಇದೆ ಅಥವಾ ಇಲ್ಲ ಎಂದು ದಿನವೂ ತಪ್ಪದೆ ಹೇಳುವ ರೂಢಿ ಬಂದರೆ ನಕಲಿಗೆ ಜಾಗವೇ ಉಳಿಯದು.

ನಡುಹಗಲಲ್ಲಿ ಕಾಲೇಜು ಬಿಡುವ ಅಭ್ಯಾಸವಂತೂ ಕೂಡಲೇ ನಿಲ್ಲಬೇಕು. 2018ರ ಮೇ 29ರಂದು ಮಂಗಳೂರು ನಗರ ಹಗಲಲ್ಲೇ ಜಲಾವೃತವಾಗಿ ರಸ್ತೆಗಳೆಲ್ಲ ತೋಡುಗಳಾದವು. ಅಂಥ ಹೊತ್ತಿನಲ್ಲಿ ಸುರಕ್ಷಿತವಾದ ಜಾಗ ಕಾಲೇಜಿನ ಕಟ್ಟಡವೇ. ಗಂಟೆ ಬಾರಿಸಿ ನೂರಾರು ಮಂದಿಯನ್ನು ಒಮ್ಮೆಗೇ ಬಸ್‌ಸ್ಟ್ಯಾಂಡಿಗೆ ಕಳಿಸಿದರೆ ಕಾಲೇಜಿನ ಹೊಣೆ ಮುಗಿದಂತೆ ಕಾಣಬಹುದು, ಅಪಾಯ ಶುರುವಾಗುವುದು ಅಲ್ಲಿಂದಲೇ.

ಇಡೀ ಜಿಲ್ಲೆಗೆ ಒಂದೇ ರಜೆ ಕೊಡುವುದರಲ್ಲಿ ಇನ್ನೊಂದು ಬಗೆಯ ನಷ್ಟವಿದೆ. ಚಾರ್ಮಾಡಿಯ ಬುಡದಲ್ಲಿ ಸುರಿಯುವ ಮಳೆ ಮೂಲ್ಕಿಯಲ್ಲಿ ಇರಲೇಬೇಕೆಂದಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಹದಿನೈದು ನಿಮಿಷಕ್ಕೊಮ್ಮೆ ಅಂಕಿ ಕಳಿಸುತ್ತವೆ. ಬಂಟ್ವಾಳದಲ್ಲಿ ನೇತ್ರಾವತಿಯ ಅಪಾಯದ ಮಟ್ಟ 8.5 ಮೀಟರ್ ಎಂಬುದು ನದಿದಂಡೆಯವರಿಗೆಲ್ಲ ಗೊತ್ತು. ಇಷ್ಟು ಮಾಹಿತಿ ಕೈಯಲ್ಲಿರುವಾಗ ತಾಲ್ಲೂಕುವಾರು ತೀರ್ಮಾನ ಕಷ್ಟವಲ್ಲ. ಕೆಲವು ದಿನ ಹಾಗೆ ಆಗಿಯೂ ಇದೆ, ಆದ ದಿನ ಚೆನ್ನಾಗಿಯೇ ನಡೆದಿದೆ.

ವಿಶ್ವವಿದ್ಯಾಲಯಗಳ ಮೌನದ ಬಗ್ಗೆ ಹೇಳಬೇಕಾದ್ದು ಹೆಚ್ಚಿದೆ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ವೇಳಾಪಟ್ಟಿ ಇಡೀ ರಾಜ್ಯಕ್ಕೆ ಒಂದೇ. ಉಡುಪಿಯಲ್ಲಿ ನೆರೆ ಬಂದ ದಿನ ಕಲಬುರಗಿಯಲ್ಲಿ ಬಿಸಿಲಿರುತ್ತದೆ. ಪರೀಕ್ಷೆ ಮುಂದೂಡಿದರೆ ಎಲ್ಲರಿಗೂ ತೊಂದರೆ, ಮುಂದೂಡದಿದ್ದರೆ ಕೆಲವರಿಗೆ ವರ್ಷದ ಕಷ್ಟ. ನಾನು ಬಲ್ಲ ಕಾಲೇಜೊಂದರಲ್ಲಿ ಸೇತುವೆ ಮುಳುಗಿ ಬರಲಾಗದ ವಿದ್ಯಾರ್ಥಿನಿಯ ಇಂಟರ್ನಲ್ ಅಂಕ ಸೊನ್ನೆಯಾಗಿ ಉಳಿಯಿತು. ಸೇತುವೆ ಮುಳುಗಿತ್ತೆಂದು ಸಾಬೀತುಪಡಿಸುವ ಪತ್ರ ತಾ ಎಂದು ಅವಳನ್ನು ಕೇಳಿದ್ದರು. ಶೇ 75ರ ಹಾಜರಿ ಕೇಳುವ ನಿಯಮ ಮಳೆಯಲ್ಲಿ ಸಿಕ್ಕಿಕೊಂಡವರ ಬಗ್ಗೆ ಏನನ್ನೂ ಹೇಳದಿದ್ದರೆ ಆ ಮೌನವೇ ಹುಡುಗರನ್ನು ಉಕ್ಕುವ ಹೊಳೆಯ ಕಡೆಗೆ ತಳ್ಳುತ್ತದೆ. ವಯಸ್ಕರೆಂದು ಅವರನ್ನು ರಜೆಯಿಂದ ಹೊರಗಿಟ್ಟ ಮೇಲೆ, ವಯಸ್ಕರಾಗಿ ‘ಇವತ್ತು ಬರುವುದಿಲ್ಲ’ ಎಂದು ನಿರ್ಧರಿಸುವ ಸ್ವಾತಂತ್ರ್ಯವನ್ನಾದರೂ ಕೊಡಬೇಕಿತ್ತು. ಎರಡೂ ಇಲ್ಲ.

ಸೆಮಿಸ್ಟರ್ ಚಿಕ್ಕದು, ಪಾಠ ಮುಗಿಯುವುದಿಲ್ಲ ಎಂಬ ಪ್ರಾಂಶುಪಾಲರ ಅಳಲು ಸುಳ್ಳಲ್ಲ. ಶನಿವಾರ ಮಧ್ಯಾಹ್ನ, ಭಾನುವಾರ ಪರಿಹಾರ ತರಗತಿ ತೆಗೆದುಕೊಂಡು ಬಳಲುವವರು ಅಧ್ಯಾಪಕರೇ. ಆದರೆ ಮಳೆಯ ಅಪಾಯಕ್ಕೆ ಇಡೀ ದಿನದ ರಜೆಯೊಂದೇ ಮದ್ದೆಂದು ಯಾಕೆ ತಿಳಿಯಬೇಕು? ಹಿಮ ಸುರಿಯುವ ಅಮೆರಿಕದ ರಾಜ್ಯಗಳಲ್ಲಿ ಎಷ್ಟೋ ವಿಶ್ವವಿದ್ಯಾಲಯಗಳು ಪೂರ್ತಿ ಮುಚ್ಚುವುದನ್ನೂ ಎರಡು ಗಂಟೆ ತಡವಾಗಿ ತೆರೆಯುವುದನ್ನೂ ಬೇರೆ ಬೇರೆಯಾಗಿ ಪ್ರಕಟಿಸುತ್ತವೆ. ನಮ್ಮಲ್ಲೂ ರಾತ್ರಿಯೆಲ್ಲ ಸುರಿದು ಬೆಳಿಗ್ಗೆ ಇಳಿಯುವ ಮಳೆ ಅಪರೂಪವಲ್ಲ. ಹನ್ನೊಂದಕ್ಕೆ ತರಗತಿ ಶುರುವಾದರೆ ಬಿದ್ದ ಮರ ತೆಗೆಯಲು ಸಮಯ ಸಿಗುತ್ತದೆ, ಬೆಳಕಿನಲ್ಲಿ ದಾರಿ ಕಾಣುತ್ತದೆ, ದಿನವೂ ಪೂರ್ತಿ ಹಾಳಾಗುವುದಿಲ್ಲ.

ಕರಾವಳಿ, ಮಲೆನಾಡಿನ ಜಿಲ್ಲಾಧಿಕಾರಿಗಳಲ್ಲೂ ಕುಲಪತಿಗಳಲ್ಲೂ ನನ್ನ ಕೋರಿಕೆ ಇಷ್ಟು: ಮುಂದಿನ ಜೂನ್‌ಗೆ ಮೊದಲು ಒಟ್ಟಿಗೆ ಕೂತು, ಕೆಂಪು ಎಚ್ಚರಿಕೆ ಇರುವ ತಾಲ್ಲೂಕಿನ ರಜೆಯ ಪಟ್ಟಿಗೆ ಪದವಿ ಮತ್ತು ವೃತ್ತಿಪರ ಕಾಲೇಜುಗಳನ್ನು ಸೇರಿಸಿ. ರಸ್ತೆ ಕಡಿದು ಬರಲಾಗದವರ ಹಾಜರಿ ಕಳೆಯಬೇಡಿ, ಅವರಿಗೆ ಮರುಪರೀಕ್ಷೆ ಕೊಡಿ. ರಸ್ತೆ ಬಂದ್ ಆಗಿದೆಯೆಂದು ತಹಶೀಲ್ದಾರರ ಕಚೇರಿಯೇ ಕಾಲೇಜಿಗೆ ತಿಳಿಸಲಿ. ಆ ಪತ್ರಕ್ಕಾಗಿ ವಿದ್ಯಾರ್ಥಿ ಅಲೆಯುವಂತಾಗಬಾರದು.