ಬೆಂಕಿಗೆ ಅಳಿಯದ ನಾಚಿಕೆ

ಡೇವಿಡ್ ಆಯರ್ ನಿರ್ದೇಶನದ ‘ದಿ ಬೀಕೀಪರ್’ (2024) ಚಿತ್ರದಲ್ಲಿ, ಕಂಪ್ಯೂಟರಿಗೆ ವೈರಸ್ ತಗುಲಿದೆಯೆಂಬ ಸುಳ್ಳು ಎಚ್ಚರಿಕೆಯನ್ನು ನಂಬಿದ ನಿವೃತ್ತ ಶಿಕ್ಷಕಿಯೊಬ್ಬರು ಪರದೆಯಲ್ಲಿ ಕಂಡ ನಂಬರಿಗೆ ಫೋನ್ ಮಾಡುತ್ತಾರೆ. ರಿಪೇರಿಯ ನೆಪದಲ್ಲಿ ಕಂಪ್ಯೂಟರಿನೊಳಗೆ ನುಸುಳಿದ ವಂಚಕರು ಅವರ ಉಳಿತಾಯವನ್ನೂ, ಅವರ ಉಸ್ತುವಾರಿಯಲ್ಲಿದ್ದ ದತ್ತಿ ಸಂಸ್ಥೆಯ ಹಣವನ್ನೂ ದೋಚುತ್ತಾರೆ. ಮಗಳು ಎಫ್‌ಬಿಐ ಅಧಿಕಾರಿ. ಆದರೂ ತಾಯಿ ಸಾವಿನ ಮೊರೆ ಹೋಗುತ್ತಾರೆ.

ಚಿತ್ರ ಇಲ್ಲಿ ನಿಂತು ಯೋಚಿಸಬೇಕಿತ್ತು. ಅದರ ಬದಲು ನಾಯಕ ಜೇಸನ್ ಸ್ಟೇಥಮ್ ಕಾಲ್ ಸೆಂಟರಿಗೆ ಬೆಂಕಿಯಿಡುತ್ತಾನೆ, ನಾವು ಖುಷಿಪಡುತ್ತೇವೆ. ವಾಸ್ತವದಲ್ಲಿ ಅಂಥ ನಾಯಕ ಬರುವುದಿಲ್ಲ. ನಮ್ಮ ದೇಶದಲ್ಲಿ ಸೈಬರ್ ಸಹಾಯವಾಣಿ 1930ಕ್ಕೆ ತಕ್ಷಣ ತಿಳಿಸಿದರೆ ಹಣವನ್ನು ತಡೆಹಿಡಿಯುವ ಅವಕಾಶವಿದೆ. ಆ ಅಮೂಲ್ಯ ಹೊತ್ತನ್ನು ನುಂಗುವುದೇ ನಾಚಿಕೆ. ‘ಇಷ್ಟೂ ತಿಳಿಯಲಿಲ್ಲವೇ?’ ಎಂದು ನಾವು ಹಂಗಿಸದಿದ್ದರೆ, ಮೋಸಹೋದ ಹಿರಿಯರು ಬಾಯಿಬಿಟ್ಟಾರು.